‘ಡು ಯು ಮೈಂಡ್ ಟ್ರಾವೆಲಿಂಗ್?’ ಅಂತ ಕೇಳಿದ್ರೆ ‘ಯೆಸ್’ ಅನಬ್ಯಾಡ್ರಿ

ಬಸ್ಸಿನ ಕಿಟಕಿ ಸೀಟಿನಾಗ ಇಯರ್‌ಫೋನ್ ಹಾಕ್ಕೊಂಡು ಕೇಳಾಕತ್ತವರಿಗೂ ನಮಸ್ಕಾರ, ಡೇಟಾ ಖಾಲಿಯಾಗಿ ಇಲ್ಲಿ ಓದಾಕ ಬಂದವರಿಗೂ ನಮಸ್ಕಾರ. ಶಿಗ್ಗಾಂವದಿಂದ ನಿಮ್ಮ ಗೆಳೆಯಾ ಮಾತಾಡಾಕತ್ತೇನಿ.

ಈ ಕಂತು ಮಾಡೋಕೆ ಒಂದು ಕಾರಣ ಇದೆ. ಬರೋ ಸೋಮವಾರ ನನ್ನ ತಂಗಿಗೆ ಹುಬ್ಬಳ್ಳಿಯ ಒಂದು ಟ್ರಾವೆಲ್ ಆಫೀಸಿನಲ್ಲಿ ಸಂದರ್ಶನ. ಟಿಕೆಟ್ ಬುಕ್ ಮಾಡೋದು, ಫೋನಿನಲ್ಲಿ ಗಿರಾಕಿಗಳ ಜೊತೆ ಮಾತಾಡೋದು, ಅದೂ ಅರ್ಧಕ್ಕರ್ಧ ಇಂಗ್ಲಿಷ್‌ನಲ್ಲಿ. ಆಕಿ ಹೆದರಿಕೊಂಡಾಳ. ಆಕಿಗಿಂತ ಹೆಚ್ಚಿಗಿ ನಾ ಹೆದರೇನಿ. ಯಾಕಂದ್ರೆ ಇಂಥದ್ದೇ ಒಂದು ಸಂದರ್ಶನದಲ್ಲಿ ಒಂದೇ ಒಂದು ಪದದಿಂದ ಕೆಲಸ ಕಳಕೊಂಡವ ನಾನು.

ಆಗ ಬಿ.ಕಾಂ. ಮುಗಿದಿತ್ತು, ಮಾರ್ಕ್ಸ್ ಕಾರ್ಡ್ ಇನ್ನೂ ಕೈಗೆ ಬಂದಿರಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಕಂಪನಿ. ಹೆಸರು ಬ್ಯಾಡ ಬಿಡ್ರಿ, ತಪ್ಪು ಅವರದಲ್ಲ. ಡೀಲರ್‌ಗಳ ಅಂಗಡಿಗೆ ಹೋಗಿ ಸ್ಟಾಕ್ ಮತ್ತು ಲೆಕ್ಕ ತಾಳೆ ನೋಡೋ ಕೆಲಸ. ಗದಗ, ವಿಜಯಪುರ, ಕಾರವಾರ ಅಂತ ತಿಂಗಳಲ್ಲಿ ಹದಿನೈದು ದಿನ ತಿರುಗಾಟ. ನನಗೋ ತಿರುಗಾಟ ಅಂದ್ರೆ ಪ್ರಾಣ. ಅಕೌಂಟ್ಸ್ ಪ್ರಶ್ನೆಗಳೆಲ್ಲ ಛಲೋ ಹೋದವು. ಕೊನೆಗೆ ಅವರು ಕುರ್ಚಿಗೆ ಒರಗಿ ಆರಾಮಾಗಿ ಕೇಳಿದ್ರು: “ಡು ಯು ಮೈಂಡ್ ಟ್ರಾವೆಲಿಂಗ್?”

ನನಗೆ ಗೊತ್ತಿದ್ದ ‘ಮೈಂಡ್’ ಅಂದ್ರೆ ಮನಸ್ಸು. ‘ತಿರುಗಾಡಾಕ ಮನಸ್ಸೈತೇನಪಾ’ ಅಂತ ಕೇಳಾಕತ್ತಾರ ಅಂದ್ಕೊಂಡೆ. “ಯೆಸ್ ಸರ್” ಅಂದೆ. ಅವರ ಹುಬ್ಬು ಮೇಲಕ್ಕೆ ಹೋಯ್ತು. “ಸೋ ಯು ಡು ಮೈಂಡ್?” ಅಂತ ಇನ್ನೊಮ್ಮೆ ಕೇಳಿದ್ರು. ಪಾಪ, ಅವಕಾಶ ಕೊಟ್ಟರು ನೋಡ್ರಿ. ನಾನು ಇನ್ನೂ ಹುರುಪಿನಿಂದ “ಯೆಸ್ ಸರ್, ವೆರಿ ಮಚ್!” ಅಂದೆ. ಅವರು ಫೈಲ್ ಮುಚ್ಚಿದ್ರು. ಕಾಲ್ ಬರಲಿಲ್ಲ.

ಏನಾಗಿತ್ತು ಅಂತ ತಿಳಿದದ್ದು ಒಂದು ವರ್ಷದ ಮೇಲೆ, ಸಬ್‌ಟೈಟಲ್ ಹಾಕ್ಕೊಂಡು ಒಂದು ಇಂಗ್ಲಿಷ್ ಸಿನಿಮಾ ನೋಡುವಾಗ. ರೈಲಿನಲ್ಲಿ ಒಬ್ಬ ಬಂದು, ಇಲ್ಲಿ ಕೂತ್ರೆ ‘ಡು ಯು ಮೈಂಡ್’ ಅಂತಾನೆ. ಆಕೆ ‘ನಾಟ್ ಅಟ್ ಆಲ್’ ಅಂತಾಳೆ. ಅವನು ಥ್ಯಾಂಕ್ಸ್ ಹೇಳಿ ಕೂತುಬಿಡ್ತಾನೆ. ಅಲ್ಲಾ, ಆಕೆ ‘ಇಲ್ಲ’ ಅಂದ್ಳು, ಅವನು ಕೂತ ಹೆಂಗ? ಪಾಸ್ ಮಾಡಿ ಎರಡು ಸಲ ನೋಡಿದೆ. ಆಮೇಲೆ ಹೊಟ್ಟೆಯಲ್ಲಿ ಏನೋ ಕಲಸಿದಂಗಾಯ್ತು. ಆ ಜಾಗದಲ್ಲಿ ‘ಮೈಂಡ್’ ಅಂದ್ರೆ ಮನಸ್ಸಲ್ಲ, ಅಭ್ಯಂತರ. ‘ನಿಮಗೇನಾದ್ರೂ ಬೇಜಾರೇನು, ತಕರಾರೇನು’ ಅಂತ ಪ್ರಶ್ನೆ. ನನ್ನ ಉತ್ತರ ಏನಾಗಿತ್ತು ಅಂದ್ರೆ: ‘ಹೌದು ಸಾಹೇಬ್ರ, ತಿರುಗಾಟ ಅಂದ್ರೆ ನನಗೆ ಭಾಳ ತಕರಾರು!’

ಹಾಗಾಗಿ ತಂಗಿಗೆ ಮೊದಲ ದಿನ ಕಲಿಸಿದ್ದೇ ಇದು. ‘ಡು ಯು ಮೈಂಡ್’, ‘ವುಡ್ ಯು ಮೈಂಡ್’ ಅಂತ ಪ್ರಶ್ನೆ ಬಂದ್ರೆ, ಒಪ್ಪಿಗೆ ಇದ್ದಾಗ ‘ನೋ’ ಅನ್ನಬೇಕು. ಬರೀ ‘ನೋ’ ಅಂದ್ರೆ ಒರಟು ಅನ್ನಿಸುತ್ತೆ, ಅದಕ್ಕೆ ‘ನಾಟ್ ಅಟ್ ಆಲ್’ ಅಥವಾ ‘ನೋ, ಐ ಡೋಂಟ್ ಮೈಂಡ್’. ರೈಲಿನಲ್ಲಿ ಯಾರಾದರೂ ‘ವುಡ್ ಯು ಮೈಂಡ್ ಸ್ವಾಪಿಂಗ್ ಬರ್ತ್ಸ್?’ ಅಂದಾಗ ನೀವು ‘ಯೆಸ್ ಯೆಸ್’ ಅಂತ ನಗುತ್ತಾ ಚೀಲ ಎತ್ತಿಕೊಂಡ್ರೆ, ಬಾಯಿ ಒಂದು ಹೇಳುತ್ತೆ, ಕೈ ಇನ್ನೊಂದು ಹೇಳುತ್ತೆ.

ಇದರಿಂದ ನನಗೆ ಒಂದು ಮಾತು ತಲೆಗೆ ಹೋಯ್ತು. ನನಗೆ ಗೊತ್ತಿಲ್ಲದ ಪದ ಆ ಪ್ರಶ್ನೆಯಲ್ಲಿ ಒಂದೂ ಇರಲಿಲ್ಲ. ‘ಡು’, ‘ಯು’, ‘ಮೈಂಡ್’, ‘ಟ್ರಾವೆಲ್’, ನಾಲ್ಕೂ ಹೈಸ್ಕೂಲಿನವು. ಪದ ಗೊತ್ತಿದ್ರೂ ಮಾತು ಗೊತ್ತಾಗಲಿಲ್ಲ. ನುಡಿಗಟ್ಟು ಅಂದ್ರೆ ಇದೇ. ನಮ್ಮ ಭಾಷೆಯಲ್ಲೇ ನೋಡ್ರಿ: ‘ಪೊಲೀಸರನ್ನ ನೋಡಿ ಕಳ್ಳ ಕಾಲಿಗೆ ಬುದ್ಧಿ ಹೇಳಿದ.’ ಕನ್ನಡ ಕಲೀತಿರೋ ಒಬ್ಬ ಜರ್ಮನ್ ಇದನ್ನ ಪದ ಪದ ಬಿಡಿಸಿದ್ರೆ, ಕಳ್ಳ ಕೆಳಗೆ ಬಗ್ಗಿ ತನ್ನ ಕಾಲಿಗೆ ನೀತಿಪಾಠ ಮಾಡಾಕತ್ತಾನ ಅಂತ ತಿಳ್ಕೊಂತಾನ. ಓಡಿಹೋದ ಅಂತ ಅವನಿಗೆ ಯಾರಾದ್ರೂ ಹೇಳಬೇಕು. ಹಂಗೇ ನಮಗೂ ಯಾರಾದ್ರೂ ಹೇಳಬೇಕು. ಈ ಕಂತು ಅಷ್ಟಕ್ಕೇ.

ಮೊದಲು ‘ಟ್ರಾವೆಲ್’ ಪದದಿಂದಲೇ ಶುರು ಮಾಡೋಣ. ಇದು ಹಳೇ ಫ್ರೆಂಚ್‌ನ ‘ತ್ರಾವಾಯ್’ ಪದದಿಂದ ಬಂದದ್ದು. ಅದರ ಅರ್ಥ ಕಷ್ಟ, ದುಡಿಮೆ. ಹಿಂದಿನ ಕಾಲದಲ್ಲಿ ಊರು ಬಿಟ್ಟು ಊರಿಗೆ ಹೋಗೋದು ಅಂದ್ರೆ ಕಷ್ಟಪಡೋದೇ ಆಗಿತ್ತು. ಹಬ್ಬದ ಹಿಂದಿನ ದಿನ ಹುಬ್ಬಳ್ಳಿಯಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬಂದವರಿಗೆ ಈ ವ್ಯುತ್ಪತ್ತಿ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ನಾವು ಮಾಡೋ ತಪ್ಪು ಅಂದ್ರೆ ‘ಐ ವೆಂಟ್ ಫಾರ್ ಎ ಟ್ರಾವೆಲ್’ ಅನ್ನೋದು. ‘ಟ್ರಾವೆಲ್’ ಎಣಿಸೋ ವಸ್ತು ಅಲ್ಲ. ಒಂದು ಟ್ರಾವೆಲ್, ಎರಡು ಟ್ರಾವೆಲ್ ಅಂತ ಇಲ್ಲ. ಎಣಿಸೋದು ‘ಟ್ರಿಪ್’ ಅನ್ನ. ‘ಟ್ರಿಪ್’ ಅಂದ್ರೆ ಹೋಗಿ, ಇದ್ದು, ತಿರುಗಿ ಬರೋವರೆಗಿನ ಪೂರ್ತಿ ಲೆಕ್ಕ. ‘ಜರ್ನಿ’ ಅಂದ್ರೆ ದಾರಿಯ ಭಾಗ ಮಾತ್ರ. ‘ಗೋವಾ ಟ್ರಿಪ್ ಮಸ್ತಾಗಿತ್ತು, ಜರ್ನಿ ಮಾತ್ರ ಸಾಕಾತು’ ಅಂತೀವಲ್ಲ, ಅಲ್ಲಿ ಎರಡೂ ಪದ ಸರಿಯಾದ ಜಾಗದಲ್ಲಿ ಕೂತಿವೆ. ‘ವಾಯೇಜ್’ ಅನ್ನೋದು ಸಮುದ್ರಕ್ಕೋ ಆಕಾಶದಾಚೆಗೋ ಸರಿ. ಶಿಗ್ಗಾಂವದಿಂದ ಸವಣೂರಿಗೆ ವಾಯೇಜ್ ಹೋದೆ ಅಂದ್ರೆ ಜನ ನಗ್ತಾರ.

ಇನ್ನು ಒಂದು ಪದ ನಮ್ಮ ಕಡೆ ಹುಡುಗ ಹುಡುಗಿಯರಿಗೆ ದಿನಾ ಬೇಕಾಗುತ್ತೆ. ಇಲ್ಲಿಂದ ಹುಬ್ಬಳ್ಳಿ ಕಾಲೇಜಿಗೆ ಹೋಗಿ ಬರೋರನ್ನ ಕೇಳ್ರಿ: “ರೂಮ್ ಮಾಡೀಯೇನಲೇ?” “ಇಲ್ಲಲೇ, ಅಪ್ ಆಂಡ್ ಡೌನ್ ಮಾಡ್ತೇನಿ.” ಈ ‘ಅಪ್ ಆಂಡ್ ಡೌನ್’ ನಮ್ಮ ನಡುವೆ ನೂರಕ್ಕೆ ನೂರು ಚಲಾವಣೆ. ಆದ್ರೆ ಹೊರಗಿನವರಿಗೆ ‘ಐ ಡು ಅಪ್ ಆಂಡ್ ಡೌನ್ ಡೈಲಿ’ ಅಂದ್ರೆ ನೀವು ದಿನಾ ಬಸ್ಕಿ ಹೊಡೀತೀರಿ ಅನ್ನಿಸಬಹುದು. ಅವರ ಪದ ‘ಕಮ್ಯೂಟ್’. ‘ಐ ಕಮ್ಯೂಟ್ ಫ್ರಮ್ ಶಿಗ್ಗಾಂವ.’

ಕಾಮರ್ಸ್ ಓದಿದವರು ಇಲ್ಲಿ ಕಿವಿ ನಿಮಿರಿಸಬೇಕು. ಪೆನ್ಷನ್ ಪಾಠದಲ್ಲಿ ‘ಕಮ್ಯೂಟೇಷನ್’ ಬರುತ್ತೆ ಹೌದಲ್ರೀ? ತಿಂಗಳು ತಿಂಗಳು ಬರೋ ಪೆನ್ಷನ್ನಿನ ಒಂದು ಭಾಗವನ್ನು ಒಂದೇ ಗಂಟಿಗೆ ಬದಲಾಯಿಸಿಕೊಳ್ಳೋದು. ಅದೇ ಪದ ಇದು. 19ನೇ ಶತಮಾನದ ಅಮೆರಿಕದಲ್ಲಿ ರೈಲಿಗೆ ದಿನಾ ಹೋಗೋರಿಗೆ, ದಿನದ ಟಿಕೆಟ್ ಬದಲು ಕಡಿಮೆ ದರದ ಒಟ್ಟು ಟಿಕೆಟ್ ಕೊಡ್ತಿದ್ರು. ಅದಕ್ಕೆ ‘ಕಮ್ಯೂಟೇಷನ್ ಟಿಕೆಟ್’ ಅಂತ ಹೆಸರು. ಅಂದ್ರೆ ನಮ್ಮ ಬಸ್ ಪಾಸು. ಆ ಪಾಸು ಇಟ್ಟುಕೊಂಡವನು ‘ಕಮ್ಯೂಟರ್’ ಆದ, ಅವನು ಮಾಡೋದು ‘ಕಮ್ಯೂಟ್’ ಆಯ್ತು. ಪೆನ್ಷನ್ ಪಾಠಕ್ಕೂ ಬಸ್ ಪಾಸಿಗೂ ಒಂದೇ ಬೇರು ಅಂತ ಕಾಲೇಜಿನಲ್ಲೇ ಯಾರಾದ್ರೂ ಹೇಳಿದ್ರೆ ಎರಡೂ ಮರೀತಿರಲಿಲ್ಲ.

ಆಡಿಯೊದಲ್ಲಿ ಈಗ ಒಂದು ದೊಡ್ಡ ಹಾರ್ನ್ ಕೇಳಿಸ್ತು. ಎಡಿಟ್ ಮಾಡೋದಿಲ್ಲ, ಬಿಟ್ಟೀನಿ. ನಮ್ಮೂರ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48, ಹಳಬರ ಬಾಯಲ್ಲಿ ಇನ್ನೂ ಪಿಬಿ ರೋಡ್. ಅಲ್ಲಿ ಹೋಗೋ ಹದಿನೆಂಟು ಗಾಲಿಯ ಲಾರಿಗೆ ಬ್ರಿಟನ್ನಿನಲ್ಲಿ ಏನಂತಾರೆ ಗೊತ್ತೇನು? ‘ಜಗರ್‌ನಾಟ್’. ಮೂಲ ನಮ್ಮ ಪುರಿಯ ಜಗನ್ನಾಥ! ರಥಯಾತ್ರೆ ನೋಡಿದ ಯುರೋಪಿನ ಪ್ರವಾಸಿಗಳು, ಆ ತೇರಿನ ಗಾಲಿಗೆ ಜನ ಸಿಕ್ಕು ಸಾಯ್ತಾರೆ ಅಂತ ಉಪ್ಪು ಖಾರ ಹಚ್ಚಿ ಬರೆದ್ರು. ತಡೆಯೋಕೆ ಆಗದ, ಅಡ್ಡ ಬಂದಿದ್ದನ್ನೆಲ್ಲ ಅರೆಯೋ ಶಕ್ತಿಗೆ ಇಂಗ್ಲಿಷ್‌ನಲ್ಲಿ ಅದೇ ಹೆಸರು ಕೂತಿತು. ಆಮೇಲೆ ಅದು ದೊಡ್ಡ ಲಾರಿಗೂ ಬಂತು. ದೇವರ ತೇರು ಅಲ್ಲಿ ಹೋಗಿ ಲಾರಿ ಆಯ್ತು.

ಇದೇ ಹೆದ್ದಾರಿಯಲ್ಲಿ ಬಂಕಾಪುರದ ಟೋಲ್ ಇದೆ. ‘ಟೇಕ್ ಇಟ್ಸ್ ಟೋಲ್’ ಅಂತ ಒಂದು ನುಡಿಗಟ್ಟು. ‘ದ ನೈಟ್ ಜರ್ನಿ ಟುಕ್ ಇಟ್ಸ್ ಟೋಲ್ ಆನ್ ಹರ್’ ಅಂದ್ರೆ ರಾತ್ರಿ ಪ್ರಯಾಣ ಆಕೆಯನ್ನ ಹಣ್ಣು ಮಾಡಿಬಿಡ್ತು. ಟೋಲ್ ಗೇಟ್ ಬಂದಾಗ ಫಾಸ್ಟ್ಯಾಗಿನಿಂದ ದುಡ್ಡು ಕಟ್ ಆಗುತ್ತಲ್ಲ, ಹಾಗೇ ಪ್ರಯಾಣ ನಿಮ್ಮ ಮೈಯಿಂದ ತನ್ನ ಸುಂಕ ವಸೂಲಿ ಮಾಡ್ತು ಅಂತ. ತಂಗಿಗೆ ಈ ಒಂದು ನುಡಿಗಟ್ಟು ಎರಡನೇ ಸಲ ಹೇಳಬೇಕಾಗಲಿಲ್ಲ.

ಈಗ ರಜೆಗೆ ಬರೋಣ. ರಜೆ ವಿಷಯದಲ್ಲಿ ನಾವು ಕನ್ನಡದಲ್ಲಿ ಒಂದೇ ಪದ ಇಟ್ಟುಕೊಂಡು ಸುಖವಾಗಿದ್ದೀವಿ: ರಜೆ, ನಮ್ಮ ಕಡೆ ಸೂಟಿ. ಶಾಲೆಗೂ ಸೂಟಿ, ಆಫೀಸಿಗೂ ಸೂಟಿ, ಜ್ವರ ಬಂದ್ರೂ ಸೂಟಿ. ಇಂಗ್ಲಿಷ್ ಇದನ್ನ ಹೋಳು ಮಾಡುತ್ತೆ. ಎಲ್ಲರಿಗೂ ಒಟ್ಟಿಗೆ ಸಿಗೋದು ‘ಹಾಲಿಡೇ’. ನೀವೊಬ್ಬರೇ ಅರ್ಜಿ ಕೊಟ್ಟು ತಗೊಳ್ಳೋದು ‘ಲೀವ್’. ವಾರದ ಸರದಿಯಲ್ಲಿ ಬರೋದು ‘ಡೇ ಆಫ್’. ‘ಲೀವ್ ಹಾಕೀನಿ’ ಅನ್ನೋದನ್ನ ಹಾಗೇ ‘ಐ ಪುಟ್ ಲೀವ್’ ಅನ್ನಬಾರದು. ‘ಐ ಹ್ಯಾವ್ ಟೇಕನ್ ಲೀವ್’ ಅಥವಾ ‘ಐ ಆಮ್ ಆನ್ ಲೀವ್’. ಇನ್ನು ‘ಐ ಆಮ್ ಆನ್ ಹಾಲಿಡೇ’ ಅಂದ್ರೆ ಬ್ರಿಟಿಷರ ಕಿವಿಗೆ ನೀವು ಎಲ್ಲೋ ಸುತ್ತಾಡೋಕೆ ಹೋಗಿದ್ದೀರಿ ಅಂತ. ಅದನ್ನೇ ಅಮೆರಿಕದವರು ‘ಆನ್ ವೆಕೇಷನ್’ ಅಂತಾರೆ. ‘ವೆಕೇಟ್’, ‘ವೇಕೆಂಟ್’ ಇವುಗಳ ಬಳಗ ಅದು, ಖಾಲಿ ಇರೋದು ಅಂತ ಮೂಲಾರ್ಥ. ಕುರ್ಚಿ ಖಾಲಿ, ಮನುಷ್ಯ ಊರಲ್ಲಿಲ್ಲ.

‘ಹಾಲಿಡೇ’ ಅಂದ್ರೆ ಮೂಲದಲ್ಲಿ ‘ಹೋಲಿ ಡೇ’, ಪವಿತ್ರ ದಿನ. ಹಬ್ಬ, ಜಾತ್ರೆ ಇದ್ದ ದಿನ ಕೆಲಸ ಇಲ್ಲ, ಅಷ್ಟೇ ಅವರ ರಜೆ. ನಮ್ಮ ಅಜ್ಜಂದಿರ ಪ್ರವಾಸವೂ ಹಾಗೇ ಇತ್ತು. ಶಿಶುನಾಳದ ಜಾತ್ರೆಗೆ ಹೋದ್ರೆ ಅದೇ ಹಾಲಿಡೇ, ಅದೇ ಟ್ರಿಪ್. ಶಿಶುನಾಳ ನಮ್ಮ ತಾಲ್ಲೂಕೇ, ಸಂತ ಶರೀಫರ ಊರು. ರಜೆಗಾಗಿ ರಜೆ, ಸಮುದ್ರ ನೋಡೋಕೆ ರಜೆ ಅನ್ನೋದೆಲ್ಲ ಆಮೇಲೆ ಬಂದದ್ದು. ಬ್ರಿಟನ್ನಿನಲ್ಲಿ 1871ರಲ್ಲಿ ಬ್ಯಾಂಕ್ ಹಾಲಿಡೇ ಕಾಯ್ದೆ ಬಂತು. ಅದನ್ನ ತಂದವರು ಸರ್ ಜಾನ್ ಲಬಕ್, ಸ್ವತಃ ಬ್ಯಾಂಕರ್. ಜನ ಎಷ್ಟು ಖುಷಿಯಾದ್ರು ಅಂದ್ರೆ, ಆ ದಿನಕ್ಕೆ ‘ಸೇಂಟ್ ಲಬಕ್ಸ್ ಡೇ’ ಅಂತ ತಮಾಷೆಗೆ ಹೆಸರಿಟ್ಟರು. ಸೂಟಿ ಕೊಟ್ಟವನೇ ಸಂತ!

ನಮ್ಮಲ್ಲಿ ಸರ್ಕಾರಿ ರಜಾ ಪಟ್ಟಿ ಬಂದಾಗ ಕೆಳಗೆ ‘ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್’ ಅಂತ ಕಂಡಿರ್ತೀರಿ. ಚೆಕ್ಕು, ಹುಂಡಿಯ ಕಾಯ್ದೆ ಅದು, 1881ರದು. ಚೆಕ್ಕಿಗೂ ದೀಪಾವಳಿ ಸೂಟಿಗೂ ಏನು ಸಂಬಂಧ ಅಂತ ಬಿ.ಕಾಂ. ಎರಡನೇ ವರ್ಷದಲ್ಲಿ ತಲೆ ಕೆರಕೊಂಡಿದ್ದೆ. ಸಂಬಂಧ ಇದೆ. ಸಾಲದ ಹುಂಡಿ ತೀರಿಸೋ ದಿನ ರಜೆಯ ದಿನವೇ ಬಿದ್ದರೆ ಏನು ಮಾಡಬೇಕು? ಅದಕ್ಕಿಂತ ಹಿಂದಿನ ಕೆಲಸದ ದಿನವೇ ಬಾಕಿ ಅಂತ 25ನೇ ಕಲಮು ಹೇಳುತ್ತೆ. ಹಾಗಂದಮೇಲೆ ಯಾವ ದಿನ ‘ಪಬ್ಲಿಕ್ ಹಾಲಿಡೇ’ ಅಂತ ಸರ್ಕಾರ ಮೊದಲೇ ಘೋಷಿಸಬೇಕಲ್ಲ. ಅದಕ್ಕೇ ನಿಮ್ಮ ಹಬ್ಬದ ಸೂಟಿ ಹುಂಡಿ ಕಾಯ್ದೆಯ ಕೆಳಗೆ ಬರುತ್ತೆ. ಟ್ರಾವೆಲ್ ಆಫೀಸಿನಲ್ಲಿ ಕೂತವರಿಗೆ ‘ಲಾಂಗ್ ವೀಕೆಂಡ್’ ಅಂದ್ರೆ ವ್ಯಾಪಾರ. ಶುಕ್ರವಾರವೋ ಸೋಮವಾರವೋ ಹಾಲಿಡೇ ಬಿದ್ದರೆ ಫೋನ್ ಕೆಳಗಿಡೋಕೆ ಬಿಡೋದಿಲ್ಲ.

ನುಡಿಗಟ್ಟುಗಳಿಗೆ ಬಂದೆ. ನನ್ನ ಗೆಳೆಯ ಒಬ್ಬ ಗೋವಾದ ಹೋಟೆಲೊಂದರಲ್ಲಿ ರೂಮ್ ಬಾಯ್. ಅಲ್ಲಿ ತಂಗಿದ್ದ ವಯಸ್ಸಾದ ದಂಪತಿ ಅವನಿಗೆ ಹೇಳಿದ್ರಂತೆ, ‘ವಿ ಹ್ಯಾವ್ ಗಾಟ್ ಇಚಿ ಫೀಟ್ ಅಗೇನ್’, ನಾಳೆ ಹೊರಡ್ತೀವಿ ಅಂತ. ಇವ ಹೌಹಾರಿ ಮ್ಯಾನೇಜರ್ ಹತ್ರ ಓಡಿದ: “ಸರ್, ಹಾಸಿಗ್ಯಾಗ ತಗಣಿ ಅದಾವಂತ್ರಿ, ಕಾಲು ತುರಸಾಕತ್ತಾವಂತ, ರೂಮ್ ಬಿಡ್ತಾರಂತ!” ಗಾದಿ ಬದಲಾಯಿಸಿದ್ರು, ಔಷಧ ಹೊಡೆದ್ರು. ಪಾಪ ಆ ದಂಪತಿ ಬಾಲ್ಕನಿಯಲ್ಲಿ ನಿಂತು ಏನಾಗ್ತಿದೆ ಅಂತ ತಿಳಿಯದೆ ನೋಡ್ತಿದ್ರಂತೆ. ‘ಇಚಿ ಫೀಟ್’ ಅಂದ್ರೆ ಕಾಲು ತುರಿಸೋದಲ್ಲ. ಒಂದೇ ಕಡೆ ಕೂರೋಕೆ ಆಗದೆ ಮುಂದಿನ ಊರಿಗೆ ಹೋಗೋ ಹುಚ್ಚು. ನಮ್ಮ ಅವ್ವ ನನಗೆ ಬಯ್ಯೋದು ಬೇರೆ ಏನು? “ನಿನ್ನ ಕಾಲಾಗ ಚಕ್ರ ಐತಿ ನೋಡು.” ಅವರಿಗೆ ಕಾಲು ತುರಿಸುತ್ತೆ, ನಮಗೆ ಕಾಲಲ್ಲಿ ಚಕ್ರ.

ಹೀಗೆ ನಮ್ಮದೇ ಒಂದು ಜೋಡಿ ಸಿಕ್ಕರೆ ನುಡಿಗಟ್ಟು ಮರೆಯೋದಿಲ್ಲ ಅನ್ನೋದು ನನ್ನ ಅನುಭವ. ಯೂಟ್ಯೂಬಿನಲ್ಲಿ ‘ನೂರು ಇಡಿಯಮ್ಸ್ ಹತ್ತೇ ನಿಮಿಷದಲ್ಲಿ’ ಅಂತ ವಿಡಿಯೊಗಳು ಬರ್ತವೆ. ನಾನೂ ನೋಡೀನಿ. ಹನ್ನೊಂದನೇ ನಿಮಿಷಕ್ಕೆ ಒಂದೂ ನೆನಪಿರೋದಿಲ್ಲ.

‘ಬಸ್‌ಮನ್ಸ್ ಹಾಲಿಡೇ’ ತಗೊಳ್ರಿ. ಸೂಟಿ ದಿನವೂ ತನ್ನ ಕೆಲಸದಂಥದ್ದನ್ನೇ ಮಾಡೋದು ಅಂತ ಅರ್ಥ. ಲಂಡನ್ನಿನಲ್ಲಿ ಕುದುರೆ ಎಳೆಯೋ ಬಸ್ಸುಗಳಿದ್ದ ಕಾಲದ ಮಾತು. ಒಬ್ಬ ಸಾರಥಿ ತನ್ನ ರಜೆಯ ದಿನ ಬೇರೆಯವನ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತು ಸುತ್ತುತ್ತಿದ್ದ ಅಂತ ಕಥೆ ಹೇಳ್ತಾರೆ. ಕಥೆ ನಿಜವೋ ಸುಳ್ಳೋ, ನಮ್ಮ ಓಣಿಯಲ್ಲಂತೂ ಅದು ನಿಜ. ನಮ್ಮ ಕಾಕಾ ಒಬ್ಬರು ವಾಯವ್ಯ ಸಾರಿಗೆಯಲ್ಲಿ ಡ್ರೈವರ್. ವರ್ಷಕ್ಕೊಮ್ಮೆ ರಜೆ ತಗೊಂಡು ಮನೆಮಂದಿಯನ್ನೆಲ್ಲ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ತಾರೆ, ಬಸ್ಸಿನಲ್ಲೇ. ಕಾಕು, ಹುಡುಗರು ಹಿಂದೆ. ಇವರು ಮಾತ್ರ ಎಲ್ಲಕ್ಕಿಂತ ಮುಂದಿನ ಸೀಟು ಹಿಡೀತಾರೆ. ರಾತ್ರಿ ಇಡೀ ನಿದ್ದೆ ಇಲ್ಲ. “ತಿರುವು ಐತಿ, ಗೇರ್ ಇಳಸು… ಹಾಂ, ಈಗ ಬಿಡು.” ಪೂರ್ತಿ ಬಸ್‌ಮನ್ಸ್ ಹಾಲಿಡೇ. ಜೊತೆಗೆ ಇನ್ನೊಂದು ನುಡಿಗಟ್ಟೂ ಪುಕ್ಕಟೆ: ‘ಬ್ಯಾಕ್‌ಸೀಟ್ ಡ್ರೈವರ್’. ಸ್ಟೀರಿಂಗ್ ಕೈಯಲ್ಲಿಲ್ಲ, ಸೂಚನೆ ಮಾತ್ರ ನಿಲ್ಲೋದಿಲ್ಲ. ಇದನ್ನ ಗಾಡಿಗೆ ಮಾತ್ರ ಅಲ್ಲ, ಆಫೀಸಿನಲ್ಲಿ ನಿಮ್ಮ ಹೆಗಲ ಮೇಲಿಂದ ಬಗ್ಗಿ ಎಕ್ಸೆಲ್ ಶೀಟಿಗೆ ಸಲಹೆ ಕೊಡೋರಿಗೂ ಹೇಳಬಹುದು. ಎದುರಿಗೆ ಮಾತ್ರ ಬ್ಯಾಡ.

‘ಆಫ್ ದ ಬೀಟನ್ ಟ್ರ್ಯಾಕ್’ ಅಂದ್ರೆ ಜನ ನಡೆದು ನಡೆದು ಸವೆದ ದಾರಿ ಬಿಟ್ಟು ಪಕ್ಕಕ್ಕೆ. ಇದಕ್ಕೆ ನಮ್ಮ ತಾಲ್ಲೂಕಿಗಿಂತ ಉದಾಹರಣೆ ಬೇಕೇನು? ಬೆಂಗಳೂರಿಂದ ಗೋವಾ, ಹುಬ್ಬಳ್ಳಿ ಅಂತ ಹೊರಟ ಸಾವಿರಾರು ಕಾರು ನಮ್ಮ ಪಕ್ಕದಲ್ಲೇ ಹಾದುಹೋಗ್ತವೆ. ನಡುವೆ ಬಂಕಾಪುರದಲ್ಲಿ ಕೋಟೆ ಇದೆ, ಅದರೊಳಗೆ ಕಂಬಗಳಿಗೇ ಹೆಸರಾದ ನಗರೇಶ್ವರ ದೇವಸ್ಥಾನ ಇದೆ, ಅಲ್ಲೇ ನವಿಲುಧಾಮ ಇದೆ. ಕಾರುಗಳು ನಿಲ್ಲೋದು ಟೋಲಿನಲ್ಲಿ ಮಾತ್ರ. ಬಾಡದಲ್ಲಿ, ಕನಕದಾಸರು ಹುಟ್ಟಿದ ಊರು, ಹೊಸದಾಗಿ ಕಟ್ಟಿದ ಅರಮನೆ ಇದೆ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಬಾವೊಬಾಬ್ ಮರಗಳು ಆಫ್ರಿಕಾದಿಂದ ಇಷ್ಟು ದೂರ ಬಂದು ನೂರಾರು ವರ್ಷದಿಂದ ನಿಂತಿವೆ. ಮರವೇ ಅಷ್ಟು ದೂರದ ಜರ್ನಿ ಮಾಡಿದೆ, ನಮಗೆ ಹೈವೇಯಿಂದ ಒಳಗೆ ತಿರುಗೋಕೆ ಬೇಸರ. ತಂಗಿಗೆ ಹೇಳೀನಿ: ಸಂದರ್ಶನದಲ್ಲಿ ‘ನಿಮ್ಮ ಊರಿನ ಬಗ್ಗೆ ಹೇಳಿ’ ಅಂದ್ರೆ ‘ಶಿಗ್ಗಾಂವ ಈಸ್ ಎ ಸ್ಮಾಲ್ ಟೌನ್’ ಅಂತ ಶುರು ಮಾಡಬ್ಯಾಡ. ‘ಇಫ್ ಯು ಲೈಕ್ ಪ್ಲೇಸಸ್ ಆಫ್ ದ ಬೀಟನ್ ಟ್ರ್ಯಾಕ್’ ಅಂತ ಶುರು ಮಾಡು. ಟ್ರಾವೆಲ್ ಆಫೀಸಿನವರಿಗೆ ಬೇಕಾಗಿರೋದೇ ಅದು.

ಬೇಗ ಬೇಗ ಇನ್ನೊಂದಿಷ್ಟು. ‘ಹಿಟ್ ದ ರೋಡ್’ ಅಂದ್ರೆ ಹೊರಡು, ರಸ್ತೆಗೆ ಹೊಡೆಯೋದಲ್ಲ. ‘ಹಿಟ್ ದ ಸ್ಯಾಕ್’ ಅಂದ್ರೆ ಮಲಗು. ಹಿಂದೆ ಹುಲ್ಲು ತುಂಬಿದ ಚೀಲವೇ ಹಾಸಿಗೆ. ‘ಟ್ರಾವೆಲ್ ಲೈಟ್’ ಅಂದ್ರೆ ಲಗೇಜು ಕಡಿಮೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ, ಎರಡು ಚಾದರ ಇಲ್ಲದೆ ಹೊರಡದ ನಮ್ಮ ಮನೆಯಲ್ಲಿ ಇದಕ್ಕೆ ಉದಾಹರಣೆ ಸಿಗೋದಿಲ್ಲ. ‘ಲಿವಿಂಗ್ ಔಟ್ ಆಫ್ ಎ ಸೂಟ್‌ಕೇಸ್’ ಅಂದ್ರೆ ಎಲ್ಲೂ ನೆಲೆ ನಿಲ್ಲದೆ ಊರಿಂದೂರಿಗೆ, ಬಟ್ಟೆ ಕಪಾಟಿಗೆ ಸೇರದೆ ಪೆಟ್ಟಿಗೆಯಲ್ಲೇ ಉಳಿಯೋ ಬದುಕು. ‘ರೆಡ್-ಐ’ ಅಂದ್ರೆ ರಾತ್ರಿ ಹೊರಟು ಬೆಳಗಿನ ಜಾವ ಇಳಿಸೋ ವಿಮಾನ. ಬೆಂಗಳೂರಿನ ಸ್ಲೀಪರ್ ಬಸ್ಸಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದವರ ಕಣ್ಣು ನೋಡ್ರಿ, ಹೆಸರು ಯಾಕೆ ಬಂತು ಅಂತ ತಿಳಿಯುತ್ತೆ.

‘ಮಿಸ್ ದ ಬೋಟ್’, ಅವಕಾಶ ಕೈತಪ್ಪೋದು. ಸುತ್ತ ಸಮುದ್ರ ಇರೋ ದೇಶದವರ ಮಾತು ದೋಣಿಯಲ್ಲಿ ಹೋಗುತ್ತೆ. ‘ಮಿಸ್ ದ ಬಸ್’ ಅಂತಲೂ ಇದೆ. ಅದರ ಹಿಂದೆ ಒಂದು ಪ್ರಸಿದ್ಧ ಮುಜುಗರ. 1940ರ ಏಪ್ರಿಲ್ 4ರಂದು ಬ್ರಿಟನ್ ಪ್ರಧಾನಿ ನೆವಿಲ್ ಚೇಂಬರ್ಲೇನ್ ಭಾಷಣದಲ್ಲಿ ‘ಹಿಟ್ಲರ್ ಬಸ್ ಮಿಸ್ ಮಾಡಿಕೊಂಡ’ ಅಂದುಬಿಟ್ಟರು. ಐದೇ ದಿನಕ್ಕೆ, ಏಪ್ರಿಲ್ 9ಕ್ಕೆ, ಹಿಟ್ಲರ್ ಪಡೆ ಡೆನ್ಮಾರ್ಕ್ ಮತ್ತು ನಾರ್ವೆಗೆ ನುಗ್ಗಿತು. ಮೇ 10ಕ್ಕೆ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ನುಡಿಗಟ್ಟು ತಪ್ಪಾಗಿ ಬಳಸಿದ್ದಕ್ಕೆ ಕೆಲಸ ಹೋಯ್ತು ಅನ್ನೋಕೆ ಬರೋದಿಲ್ಲ, ಅದು ನನ್ನ ಕೇಸು ಮಾತ್ರ.

ಈಗ ಒಂದು ಸೂಕ್ಷ್ಮ ವಿಷಯ. ನಮ್ಮ ಇಂಗ್ಲಿಷ್ ಎಲ್ಲಾ ತಪ್ಪು ಅಂತ ಹೇಳಾಕತ್ತೇನಿ ಅಂದ್ಕೋಬ್ಯಾಡ್ರಿ. ‘ಔಟ್ ಆಫ್ ಸ್ಟೇಷನ್’ ಅಂತೀವಿ, ಊರಲ್ಲಿಲ್ಲ ಅನ್ನೋಕೆ. ಇಂಟರ್‌ನೆಟ್‌ನಲ್ಲಿ ಕೆಲವರು ಇದನ್ನ ಇಂಡಿಯನ್ನರ ಮೂರ್ಖತನ ಅಂತ ರೀಲ್ಸ್ ಮಾಡಿ ನಗ್ತಾರೆ. ಆ ಮಾತು ನಮಗೆ ಕೊಟ್ಟವರೇ ಇಂಗ್ಲಿಷರು. ಜಿಲ್ಲೆಯಲ್ಲಿ ಸಾಹೇಬರು, ಸೈನ್ಯದ ಅಧಿಕಾರಿಗಳು ಇರೋ ಜಾಗಕ್ಕೆ ಅವರು ‘ಸ್ಟೇಷನ್’ ಅಂತಿದ್ರು. 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಆ ಪದಕ್ಕೆ ಬೇರೆ ನಮೂದೇ ಇದೆ. ‘ಹಿಲ್ ಸ್ಟೇಷನ್’ನಲ್ಲಿರೋ ಸ್ಟೇಷನ್ನೂ ಅದೇ, ಅಲ್ಲಿ ರೈಲು ಇರಲೇಬೇಕು ಅಂತಿಲ್ಲ. ಸಾಹೇಬ ಸ್ಟೇಷನ್ ಬಿಟ್ಟು ಹೋದ್ರೆ ‘ಔಟ್ ಆಫ್ ಸ್ಟೇಷನ್’. ಅವರು ದೇಶ ಬಿಟ್ಟು ಹೋದ್ರು, ಮಾತು ನಮ್ಮಲ್ಲಿ ಉಳೀತು. ‘ಪ್ರಿಪೋನ್’ ಅಂತೂ ಹೆಚ್ಚಾಗಿ ಬಳಸೋರು ನಾವೇ, ಈಗ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದೆ.

ಆದ್ರೆ ವ್ಯಾಪಾರದ ಮಾತು ಬೇರೆ. ಹುಬ್ಬಳ್ಳಿಯ ಗಿರಾಕಿಗೆ ‘ಸರ್, ಟಿಕೆಟ್ ಪ್ರಿಪೋನ್ ಮಾಡೀನಿ’ ಅಂದ್ರೆ ಸಾಕು. ಲಂಡನ್ನಿನಿಂದ ಫೋನ್ ಮಾಡಿದವರಿಗೆ ‘ಐ ಹ್ಯಾವ್ ಬ್ರಾಟ್ ಇಟ್ ಫಾರ್ವರ್ಡ್’ ಅನ್ನಬೇಕು. ‘ಔಟ್ ಆಫ್ ಸ್ಟೇಷನ್’ ಬದಲು ‘ಔಟ್ ಆಫ್ ಟೌನ್’ ಅಥವಾ ‘ಅವೇ’. ಹೋಗಿ ಬರೋ ಟಿಕೆಟ್ಟಿಗೆ ಬ್ರಿಟಿಷರು ‘ರಿಟರ್ನ್’ ಅಂತಾರೆ, ಅಮೆರಿಕದವರು ‘ರೌಂಡ್ ಟ್ರಿಪ್’. ಇಲ್ಲೊಂದು ಗುಂಡಿ ಇದೆ: ‘ರಿಟರ್ನ್ ಟಿಕೆಟ್’ ಅಂದ್ರೆ ನಮ್ಮವರು ವಾಪಸ್ ಬರೋದು ಮಾತ್ರ ಅಂದ್ಕೊಂತಾರೆ. ಗಿರಾಕಿ ಎರಡೂ ಕಡೆಯದ್ದು ಕೇಳಿರ್ತಾನೆ, ನೀವು ಒಂದೇ ಕಡೆಯದ್ದು ಬುಕ್ ಮಾಡಿರ್ತೀರಿ. ಸಂಶಯ ಬಂದ್ರೆ ‘ಬೋತ್ ವೇಸ್?’ ಅಂತ ಕೇಳಿಬಿಡಬೇಕು. ನುಡಿಗಟ್ಟಿನ ಶೋಕಿಗಿಂತ ಆ ಎರಡು ಪದ ಕೆಲಸ ಉಳಿಸುತ್ತೆ.

ಬೀಳ್ಕೊಡೋ ಮಾತು ಒಂದು ಉಳೀತು. ನಾವು ಹೊರಡುವಾಗ ‘ಹೋಗ್ತೇನಿ’ ಅನ್ನೋದಿಲ್ಲ, ‘ಬರ್ತೇನ್ರಿ’ ಅಂತೀವಿ. ನನ್ನ ತಂಗಿ ಮೊನ್ನೆ ಅಭ್ಯಾಸ ಮಾಡುವಾಗ ಗಿರಾಕಿಗೆ ‘ಐ ವಿಲ್ ಗೋ ಆಂಡ್ ಕಮ್’ ಅಂದಳು. ನಗು ಬಂತು, ಜೊತೆಗೆ ಸ್ವಲ್ಪ ಬೇಜಾರೂ ಆಯ್ತು, ಅಷ್ಟು ಒಳ್ಳೇ ಮಾತು ಆ ಕಡೆ ದಾಟೋದಿಲ್ಲವಲ್ಲ ಅಂತ. ಅಲ್ಲಿ ‘ಹ್ಯಾವ್ ಎ ಸೇಫ್ ಟ್ರಿಪ್’ ಅನ್ನು ಅಂದೆ. ಮತ್ತೆ ‘ಫೇರ್‌ವೆಲ್’ ಪದದ ಕಥೆ ಹೇಳಿದೆ: ಹಳೇ ಇಂಗ್ಲಿಷ್‌ನಲ್ಲಿ ‘ಫೇರ್’ ಅಂದ್ರೆ ಪ್ರಯಾಣ ಮಾಡು; ‘ಫೇರ್ ವೆಲ್’ ಅಂದ್ರೆ ಛಲೋತ್ನಾಗಿ ಹೋಗು. ಕಂಡಕ್ಟರ್ ಕೇಳೋ ಬಸ್ ‘ಫೇರ್’ ಕೂಡಾ ಅದೇ ಮನೆತನ. ಕಾಲೇಜಿನ ಫೇರ್‌ವೆಲ್ ಪಾರ್ಟಿಯ ಬ್ಯಾನರಿಗೂ ಕಂಡಕ್ಟರ್ ಟಿಕೆಟ್ಟಿಗೂ ನೆಂಟಸ್ತನ ಐತಿ ಅಂದಾಗ ಆಕಿ ಮುಖ ನೋಡಬೇಕಿತ್ತು.

ನಿನ್ನೆ ರಾತ್ರಿ ಕಡೇ ಸಲ ಅಣಕು ಸಂದರ್ಶನ ಮಾಡಿದ್ವಿ. ನಾನು ಅವ್ವನ ಚಾಳೀಸು ಹಾಕ್ಕೊಂಡು ಸಾಹೇಬ ಆದೆ. “ಡು ಯು ಮೈಂಡ್ ವರ್ಕಿಂಗ್ ಲೇಟ್?” ಅಂದೆ. ಆಕಿ ತಟ್ಟನೆ “ನಾಟ್ ಅಟ್ ಆಲ್ ಸರ್” ಅಂದಳು. “ಭೇಷ್” ಅಂದೆ. ಆಮೇಲೆ ಆಕಿ ಸುಮ್ಮನೆ ಕೂತಳು.

“ಅಣ್ಣಾ, ಕಡೀ ಬಸ್ ಹೋದಮ್ಯಾಲೆ ನಾ ಹೆಂಗ ಬರ್ಲಿ? ನನಗ ಖರೇನ ಮೈಂಡ್ ಇದ್ರ ಏನನ್ಬೇಕು?”

ಅದನ್ನ ನಾ ಕಲಿಸಿರಲೇ ಇಲ್ಲ ನೋಡ್ರಿ. ಒಪ್ಪಿಗೆ ಹೇಗೆ ಹೇಳಬೇಕು ಅಂತಷ್ಟೇ ನನ್ನ ತಲೆಯಲ್ಲಿತ್ತು. ಕೂತು ಯೋಚನೆ ಮಾಡಿದ್ವಿ. ‘ಯೆಸ್, ಐ ಮೈಂಡ್’ ಅಂದ್ರೆ ಜಗಳದ ದನಿ. ‘ಐ ವುಡ್ ರಾದರ್ ನಾಟ್’ ಅಂದ್ರೆ ‘ಬ್ಯಾಡ ಅನ್ನಿಸುತ್ತೆ’ ಅ೦ತ ಮೆತ್ತಗೆ. ಅದರ ಬೆನ್ನಿಗೇ ಕಾರಣ, ಕಾರಣದ ಬೆನ್ನಿಗೆ ಏನು ಮಾಡಬಲ್ಲೆ ಅನ್ನೋದು: ‘ಐ ಕಮ್ಯೂಟ್ ಫ್ರಮ್ ಶಿಗ್ಗಾಂವ, ಸೋ ಐ ವುಡ್ ರಾದರ್ ನಾಟ್ ಸ್ಟೇ ಲೇಟ್, ಬಟ್ ಐ ಕ್ಯಾನ್ ಕಮ್ ಇನ್ ಅರ್ಲಿ.’ ಆಕಿ ಅದನ್ನ ಪಾತ್ರೆ ತೊಳೀತಾ, ರೊಟ್ಟಿ ಕಟ್ಟುತ್ತಾ ಹತ್ತು ಸಲ ಹೇಳಿಕೊಂಡಳು. ಈಗಲೂ ಒಳಗಿಂದ ಕೇಳಿಸ್ತಾ ಇದೆ.

ಸೋಮವಾರ ಏನಾಯ್ತು ಅಂತ ಮುಂದಿನ ಕಂತಿನಲ್ಲಿ ಆಕಿಯ ಬಾಯಿಂದಲೇ ಕೇಳಿಸ್ತೇನಿ. ನೀವೂ ಇಂಗ್ಲಿಷ್‌ನಲ್ಲಿ ಹೀಗೆ ಬಿದ್ದದ್ದಿದ್ರೆ ಒಂದು ವಾಯ್ಸ್ ನೋಟ್ ಕಳಿಸ್ರಿ, ಹೆಸರು ಹೇಳಾಂಗಿಲ್ಲ. ಬರ್ತೇನ್ರಿ.